ಮೂರನೇ ಲೋಡಿನ ಚೀಟಿ

"ಇದರ ಬಾಯಿ ಬಿದ್ದುಹೋಗಿ ನಲವತ್ತು ದಿನ ಆಯ್ತು," ಎಂದಳು ಯಂತ್ರ ನೋಡಿಕೊಳ್ಳುವ ಹೆಂಗಸು, ಚೀಟಿ ಮುದ್ರಿಸುವ ಪುಟ್ಟ ಪೆಟ್ಟಿಗೆಯ ತಲೆಗೆ ಎರಡು ಬೆರಳಿನಿಂದ ತಟ್ಟುತ್ತ. "ನಮ್ಮತ್ತೆಗೆ ಜೀವ ಇದೆ, ಮಾತಿಲ್ಲ. ಇಂಥ ಅತ್ತೆ ಎಲ್ಲರಿಗೂ ಸಿಗಲ್ಲ ತಂಗಿ."

ಅತ್ತೆ ಎಂದರೆ ಯಂತ್ರ. ಆಸ್ಪತ್ರೆಯ ಬಟ್ಟೆಗಳನ್ನು ಉಗಿಯಲ್ಲಿ ಬೇಯಿಸಿ ಶುದ್ಧ ಮಾಡುವ ಆಟೋಕ್ಲೇವ್. ಇಡೀ ದಿನ ಬುಸುಗುಟ್ಟುತ್ತದೆ, ತನಗೆ ಮನಸ್ಸು ಬಂದಾಗಷ್ಟೇ ಬಾಗಿಲು ತೆರೆಯುತ್ತದೆ ಎಂದು ಆ ಹೆಸರು.

ನಲವತ್ತೊಂದು ದಿನಗಳ ಹಿಂದೆ ಅದು ಹೊಟ್ಟೆಯಲ್ಲಿ ಉಗಿ ತುಂಬಿಕೊಂಡೇ ಬಾಗಿಲಿನ ಬೀಗ ಬಿಟ್ಟು, ಎದುರಿಗೆ ನಿಂತಿದ್ದವನನ್ನು, ಈಗ ಹೆಂಗಸು ತಂಗಿ ಎಂದು ಕರೆದ ಇವಳ ಗಂಡನನ್ನು, ಕೊಂದಿತ್ತು. ಇವತ್ತು ನಾಲ್ಕು ಗಂಟೆಗೆ ತನಿಖಾಧಿಕಾರಿ ತಮ್ಮ ವರದಿ ಮುಗಿಸುವವರಿದ್ದರು. ಅದರ ಕೊನೆಯ ಸಾಲು ಅವಳಿಗೆ ಬಾಯಿಪಾಠವಾಗಿತ್ತು: "ಮೃತರ ಸ್ವಂತ ತಪ್ಪಿನಿಂದ." ಕೆಳಗೆ ಮನೆಯವರ ತಕರಾರಿಲ್ಲ ಎಂದು ಅವಳ ಸಹಿ ಬೀಳಬೇಕಿತ್ತು.

ಯಂತ್ರ ನೋಡಲು ಅವಳಿಗೆ ಸಿಕ್ಕಿದ್ದು ಅರ್ಧ ಗಂಟೆ. ಗೇಟಿನಲ್ಲಿ ಹೆಸರು ಬರೆಸಿಕೊಂಡು, ಫೋನ್ ಇಸಿದುಕೊಂಡು, ಏನೋ ಕೈಗೆ ಕೊಟ್ಟಿದ್ದರು. ಅದನ್ನು ನೋಡದೆ ಚೀಲಕ್ಕೆ ಹಾಕಿಕೊಂಡಿದ್ದಳು. ಈಚೆಗೆ ಅವಳು ಯಾವುದನ್ನೂ ನೋಡಿ ಹಾಕಿಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಉಟ್ಟ ಸೀರೆಯ ಬಣ್ಣ ಯಾವುದು ಎಂದು ಕೇಳಿದರೆ ತಲೆ ಬಗ್ಗಿಸಿ ನೋಡಿಯೇ ಹೇಳಬೇಕಿತ್ತು.

ಎದೆಯೆತ್ತರದವರೆಗೆ ಬಿಳಿ ಟೈಲ್ಸ್, ಅದರ ಮೇಲೆ ಸುಣ್ಣದ ಗೋಡೆ. ಬಾಗಿಲಿನ ಎದುರಿನ ನೆಲವನ್ನು ಯಾರೋ ಚೆನ್ನಾಗಿ ಉಜ್ಜಿದ್ದರು. ಆ ಚೌಕ ಮಾತ್ರ ಉಳಿದ ನೆಲಕ್ಕಿಂತ ಬಿಳುಪಾಗಿತ್ತು. ಅವಳು ಅದರ ಮೇಲೆಯೇ ನಿಂತಿದ್ದಳು. ಏನೂ ಅನ್ನಿಸಲಿಲ್ಲ.

"ನಲವತ್ತೊಂದಲ್ವಾ?" ಎಂದು ಕೇಳಿದಳು.

"ನಲವತ್ತು. ನಾನೇ ಎಣಿಸಿದೀನಿ. ಆವತ್ತು ಚೀಟಿ ಬಂತು. ಮಾರನೇ ದಿನದಿಂದ ಇಲ್ಲ."

ಆಮೇಲಿನದನ್ನು ಹೆಂಗಸು ಕೆಲಸ ಮಾಡುತ್ತಲೇ ಹೇಳಿದಳು. ಎಡಗೈ ಮೊಣಕೈವರೆಗೆ ಸುಟ್ಟು ಪಟ್ಟಿ ಕಟ್ಟಿದ್ದರೂ ಮಾರನೇ ಬೆಳಿಗ್ಗೆ ತಾನೇ ಬರಬೇಕಾಯಿತಂತೆ, ಈ ಕೋಣೆಯ ಬೀಗದ ಕೈ ತನ್ನ ಬಳಿ ಇದ್ದದ್ದರಿಂದ. ಬಂದವರು ಯಂತ್ರದ ಪ್ರೋಗ್ರಾಂ ಬರೆದ ಕಂಪನಿಯ ಯಜಮಾನರು, ಸತ್ತವರ ಅಣ್ಣ. ಕಣ್ಣು ಊದಿಸಿಕೊಂಡಿದ್ದರು, ಪಾಪ. ಯಂತ್ರಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿ ಒಂದು ಗಂಟೆ ಕೂತಿದ್ದರು. ಉಗಿ ಇಲ್ಲದೆ ಒಂದು ಸಲ ಖಾಲಿ ಓಡಿಸಿ ನೋಡಿದರು. ಯಂತ್ರ ಓಡಿತು, ಚೀಟಿ ಮಾತ್ರ ಬರಲಿಲ್ಲ. ಪೆಟ್ಟಿಗೆ ಪೆಟ್ಟು ತಿಂದಿರಬೇಕು ಎಂದು ಹೇಳಿ ಹೋದರು. ಮೂರನೇ ದಿನ ತನಿಖೆಯವರು ಬಂದು ಯಂತ್ರದ ಬಾಗಿಲಿಗೆ ಸೀಲು ಹಾಕಿದರು.

ಅವಳು ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ. ಗುಂಡಿ ಒತ್ತಿದರೆ ಕಾಗದ ಸರಾಗವಾಗಿ ಹೊರಗೆ ಬಂತು, ಖಾಲಿಯಾಗಿ. ಯಂತ್ರದ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಕೆಂಪು ಸಾಲು ಮಿನುಗಿ ಮಾಯವಾಯಿತು. ಇನ್ನೊಂದು ಸಲ ಒತ್ತಿ ಓದಿಕೊಂಡಳು. ಚೀಟಿಯ ಪ್ರೋಗ್ರಾಂ ದೂರು ಹೇಳುತ್ತಿತ್ತು: ಒತ್ತಡದ ಲೈಬ್ರರಿ ಸಿಗುತ್ತಿಲ್ಲ. ಲೈಬ್ರರಿ ಎಂದರೆ ಉಗಿಯ ಒತ್ತಡ ಅಳೆಯಲು ಪ್ರೋಗ್ರಾಂಗಳು ಎರವಲು ಪಡೆಯುವ ಸಿದ್ಧ ಕೋಡಿನ ಫೈಲು.

ಅವಳು ಮೂರನೇ ಸಲವೂ ಒತ್ತಿದಳು. ಮದುವೆಗೆ ಮುಂಚೆ ಆರು ವರ್ಷ ಪ್ರೋಗ್ರಾಂಗಳ ಪರೀಕ್ಷಕಿಯಾಗಿದ್ದವಳು. ಮೂರು ಸಲ ನೋಡದೆ ನಂಬುವ ಅಭ್ಯಾಸ ಇರಲಿಲ್ಲ.

"ಆವತ್ತು ಬಂದ ಚೀಟಿ ಎಲ್ಲಿ?"

ಹೆಂಗಸು ಅಲಮಾರಿನಿಂದ ಒಂದು ಉದ್ದ ಪುಸ್ತಕ ತೆಗೆದಳು. ಪ್ರತಿ ಲೋಡಿನ ಚೀಟಿಯನ್ನೂ ಅದರಲ್ಲಿ ಅಂಟಿಸಬೇಕು, ಅದು ಇಲ್ಲಿಯ ನಿಯಮ. ಕೊನೆಯದು ವಾರ ಕಳೆದರೂ ಪೆಟ್ಟಿಗೆಯ ಬಾಯಲ್ಲೇ ನೇತಾಡುತ್ತಿತ್ತಂತೆ. ತನಿಖೆಯವರು ಬೀಗ ನೋಡಿದರು, ಬಾಗಿಲು ನೋಡಿದರು, ಚೀಟಿಯ ಕಡೆ ಯಾರೂ ನೋಡಲಿಲ್ಲ. ಕೊನೆಗೆ ಹೆಂಗಸೇ ಒಂದೇ ಕೈಯಲ್ಲಿ ಗೋಂದು ಹಚ್ಚಿ ಅಂಟಿಸಿದ್ದಳು, ಅದಕ್ಕೇ ವಾರೆಯಾಗಿತ್ತು.

ಲೋಡು ಮೂರು. ಶುರು ಒಂಬತ್ತು ಐವತ್ತೆಂಟು. ಮುಗಿದದ್ದು ಹತ್ತು ಮೂವತ್ತೊಂದು. ಒತ್ತಡ ಎರಡು. ಬಾಗಿಲು ತೆರೆಯಬಹುದು.

"ಅವರು ಎಷ್ಟು ಹೊತ್ತಿಗೆ ಬಂದಿದ್ದರು?"

"ಒಂಬತ್ತೂಕಾಲಿಗೇ. ತಿಂಗಳಿಗೊಮ್ಮೆ ಬೀಗ ನೋಡೋಕೆ ಬರ್ತಿದ್ದರಲ್ಲ, ಹಾಗೇ. ಬಂದವರು ಇಲ್ಲಿಂದ ಕದಲಲೇ ಇಲ್ಲ. ಚಹಾನೂ ಇಲ್ಲೇ ಕುಡಿದ್ರು. ನಿಮ್ಮತ್ತೆ ಇವತ್ತು ಮುನಿಸಿಕೊಂಡ ಹಾಗಿದೆಯಲ್ಲ ಅಂದ್ರು." ಹೆಂಗಸು ಬಲಗೈಯಿಂದ ಯಂತ್ರದ ಬಾಗಿಲು ತೋರಿಸಿದಳು. "ಹಿಡಿಕೆ ಮೇಲೆ ಇದ್ದದ್ದು ನನ್ನ ಕೈ ತಂಗಿ. ಒಳಗಿನ ಸದ್ದು ಕೇಳಿ ಅವರು ನನ್ನ ಆ ಕಡೆಗೆ ನೂಕಿದ್ರು."

ಅವಳು ತಲೆಯಾಡಿಸಿದಳು. ಪುಸ್ತಕದ ಆ ಹಾಳೆಯನ್ನು ಕೊಡಬಹುದೇ ಎಂದು ಕೇಳಿದಳು. ನಿಯಮದ ಪ್ರಕಾರ ಕೊಡಕೂಡದು ಎಂದು ಹೇಳುತ್ತಲೇ ಹೆಂಗಸು ಅಳತೆಪಟ್ಟಿ ಇಟ್ಟು, ನೀಟಾಗಿ ಹರಿದು ಕೊಟ್ಟಳು.

*

ಗಂಡ ಕೆಲಸ ಮಾಡುತ್ತಿದ್ದ, ಭಾವನ ಕಂಪನಿಯ ಆಫೀಸು ಅಲ್ಲಿಂದ ಹನ್ನೆರಡು ನಿಮಿಷದ ನಡಿಗೆ. ಅವಳು ನಡೆದಳು. ಸಿಗ್ನಲ್ಲಿನಲ್ಲಿ ಜನ ನಿಂತರೆ ನಿಂತಳು, ನಡೆದರೆ ನಡೆದಳು.

ಈ ನಲವತ್ತೊಂದು ದಿನ ಅವಳನ್ನು ಎಬ್ಬಿಸಿ ಓಡಾಡಿಸಿದ್ದು ಒಂದೇ ಮಾತು. ಆವತ್ತು ಬೆಳಿಗ್ಗೆ ಆಫೀಸಿನ ನಂಬರಿನಿಂದ ಫೋನ್ ಬಂದಿತ್ತು. ಅದರಲ್ಲಿ ಏನು ಮಾತಾಯಿತು ಎಂಬುದೆಲ್ಲ ಸಂಜೆಯ ಸುದ್ದಿಯಲ್ಲಿ ಅಳಿಸಿಹೋಗಿತ್ತು. ಗಂಡನ ಕೊನೆಯ ಮಾತೆಂದು ಇದೊಂದು ಮಾತ್ರ ಉಳಿದಿತ್ತು: "ಇಷ್ಟು ಮಾಡು ಸಾಕು. ಇಡ್ತೀನಿ." ಹಾಸಿಗೆಯಿಂದ ಏಳಲಾಗದ ಬೆಳಿಗ್ಗೆಗಳಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಮುಖ ತೊಳೆ, ಇಷ್ಟು ಮಾಡು ಸಾಕು. ಅತ್ತೆಗೆ ಮಾತ್ರೆ ಕೊಡು, ಇಷ್ಟು ಮಾಡು ಸಾಕು.

ರಸ್ತೆ ದಾಟುವಾಗ ಉಪ್ಪಿನ ಡಬ್ಬಿ ನೆನಪಾಯಿತು.

ಎರಡು ವರ್ಷದ ಹಿಂದೆ ಮನೆಯ ಊಟದ ಮೇಜಿನ ಮೇಲೆ ಅಣ್ಣ ತಮ್ಮ ಇಬ್ಬರೂ ಜಗಳಕ್ಕೆ ಕೂತಿದ್ದರು. ಒತ್ತಡ ಅಳೆಯುವ ಲೈಬ್ರರಿಯನ್ನು ಬೇರೆ ಕಂಪನಿಯಿಂದ ತಂದಿದ್ದರು. ಅದನ್ನು ತಮ್ಮ ಪ್ರೋಗ್ರಾಂಗೆ ಹೇಗೆ ಜೋಡಿಸುವುದು ಎಂಬುದೇ ತಕರಾರು. ಅವರಿಬ್ಬರ ತಾಯಿಯಾದ ಅತ್ತೆ, ನನಗೂ ಅರ್ಥವಾಗುವ ಹಾಗೆ ಜಗಳ ಆಡಿ, ಇಲ್ಲದಿದ್ದರೆ ಎದ್ದುಹೋಗಿ ಎಂದು ಗದರಿದ್ದರು.

ಗಂಡ ಉಪ್ಪಿನ ಡಬ್ಬಿ ಎತ್ತಿಕೊಂಡಿದ್ದ. "ಅಮ್ಮ, ಉಪ್ಪನ್ನ ಹಿಟ್ಟಿಗೇ ಹಾಕಿ ಕಲಸಿಬಿಟ್ರೆ ಅದು ರೊಟ್ಟಿ ಒಳಗೇ ಇರತ್ತೆ. ಆಮೇಲೆ ಯಾರೂ ಬದಲಾಯಿಸಕ್ಕಾಗಲ್ಲ. ಅದು ಸ್ಟಾಟಿಕ್ ಲಿಂಕ್. ನಾನು ಹೇಳ್ತಿರೋದು ಅದು. ಇವನು ಡಬ್ಬಿಯನ್ನ ಮೇಜಿನ ಮೇಲಿಡೋಣ ಅಂತಾನೆ, ಬೇಕಾದಾಗ ಉದುರಿಸಿಕೊಳ್ಳಲಿ ಅಂತ. ಅದು ಡೈನಮಿಕ್. ಯಾವನೋ ಬಂದು ಡಬ್ಬಿಗೆ ಸೋಡಾ ತುಂಬಿಟ್ರೆ?"

"ಉಪ್ಪೇ ಕೆಟ್ಟಿದ್ರೆ?" ಎಂದಿದ್ದರು ಭಾವ. "ನೂರು ಆಸ್ಪತ್ರೆಗೆ ಹೋಗಿ ಮತ್ತೆ ಹಿಟ್ಟು ಕಲಸಿ ಕೊಡ್ತೀಯಾ? ಡಬ್ಬಿ ಆದ್ರೆ ಆಫೀಸಲ್ಲಿ ಕೂತು ಬದಲಾಯಿಸಬಹುದು."

ಇಬ್ಬರದೂ ಸರಿಯೇ ಇತ್ತು. ಕೊನೆಗೆ ಭಾವನ ಮಾತು ನಡೆಯಿತು, ಒಂದು ಷರತ್ತಿನ ಮೇಲೆ. ಡಬ್ಬಿ ಮೇಜಿನ ಮೇಲಿರಲಿ, ಅದರ ಬೀಗದ ಕೈ ತಮ್ಮನೊಬ್ಬನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಲಿ. ಅತ್ತೆ ಇಬ್ಬರನ್ನೂ ನೋಡಿ, ಕಣ್ಣು ಮುಚ್ಚಿಕೊಂಡರೆ ಒಬ್ಬನೇ ತನ್ನ ಜೊತೆ ತಾನೇ ಜಗಳ ಆಡಿದ ಹಾಗಿದೆ ಎಂದು ನಕ್ಕಿದ್ದರು. ಅಣ್ಣತಮ್ಮಂದಿರ ಧ್ವನಿ ಅಷ್ಟು ಒಂದೇ ಥರ. ಫೋನ್ ಎತ್ತಿದರೆ ಹೆತ್ತ ತಾಯಿಯ ಮೊದಲ ಮಾತೇ "ದೊಡ್ಡವನೋ, ಚಿಕ್ಕವನೋ?" ಎಂದು. ಈಗಲೂ ಹಾಗೇ ಕೇಳುತ್ತಾರೆ. ಆ ಕಡೆಯಿಂದ "ದೊಡ್ಡವನೇ ಅಮ್ಮ" ಎಂದು ಬಂದ ಮೇಲೆ ಫೋನನ್ನು ಇವಳ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಾರೆ.

*

ಗಂಡನ ಮೇಜನ್ನು ಖಾಲಿ ಮಾಡಿದ್ದರು. ಅದರ ಮೇಲೆ ಪ್ರಿಂಟರಿನ ಖಾಲಿ ರಟ್ಟಿನ ಪೆಟ್ಟಿಗೆ ಇತ್ತು.

ಭಾವ ಎದ್ದು ಕುರ್ಚಿ ಸರಿಸಿಕೊಟ್ಟರು. ಊಟ ಆಯಿತೇ ಎಂದು ಕೇಳಿದರು. ಅವಳಿಗೆ ನೆನಪಿರಲಿಲ್ಲ, ಆಯಿತು ಎಂದಳು. ವರದಿಯ ಪ್ರತಿ ಮೇಜಿನ ಮೇಲೆಯೇ ಇತ್ತು, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಗೋಡೆಯ ಗಡಿಯಾರದಲ್ಲಿ ಮೂರೂವರೆ.

"ವರದಿ ತಪ್ಪು ಭಾವ," ಎಂದಳು.

ಭಾವ ತಮ್ಮ ಕುರ್ಚಿಯಲ್ಲಿ ಮತ್ತೆ ಕೂತರು.

ಅವಳು ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಯಂತ್ರ ನಡೆಸುವ ಪ್ರೋಗ್ರಾಂ ದೊಡ್ಡದು, ಈಗ ಕೆಟ್ಟ ಲೈಬ್ರರಿ ಅದರ ಒಳಗೇ ಇದೆ, ಹಿಟ್ಟಿಗೆ ಕಲಸಿದ ಹಾಗೆ. ಕಲಸಿದವನೇ ತಪ್ಪಿತಸ್ಥ ಎಂದು ವರದಿ ಹೇಳುತ್ತದೆ. ಹಾಗೆ ಕಲಸಬೇಕೆಂಬುದು ಅವನ ಹಟವಾಗಿತ್ತು ಎಂದು ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಎರಡನೇ ಮಾತು ಆಡಲಿಲ್ಲ.

"ಆದ್ರೆ ಚೀಟಿ ಮುದ್ರಿಸೋ ಪ್ರೋಗ್ರಾಂ ಬೇರೆ. ಅದು ಚಿಕ್ಕದು. ಅದೂ ಅದೇ ಡಬ್ಬಿಯಿಂದ ಉಪ್ಪು ತಗೋತಿತ್ತು. ದೊಡ್ಡದಕ್ಕೆ ಉಪ್ಪು ಕಲಸಿ ಆದ ಮೇಲೆ ಡಬ್ಬಿ ಯಾಕೆ ಅಂತ ಯಾರೋ ತೆಗೆದುಹಾಕಿದ್ರು. ಚಿಕ್ಕದನ್ನ ಮರೆತರು. ಆವತ್ತಿಂದ ಚೀಟಿ ಬರ್ತಿಲ್ಲ."

ಅವಳು ಹರಿದು ತಂದ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಅವರು ಸತ್ತ ಲೋಡಿಗೆ ಚೀಟಿ ಬಂದಿದೆ. ಅಂದ್ರೆ ಆಗ ಡಬ್ಬಿ ಹೊರಗೇ ಇತ್ತು. ಪ್ರೋಗ್ರಾಂ ಬದಲಾಗಿದ್ದು ಮಾರನೇ ದಿನ. ಆವತ್ತು ನಾನೇ ಲ್ಯಾಪ್‌ಟಾಪ್ ನಿಮ್ಮ ಕೈಗೆ ಕೊಟ್ಟೆ. ಆಫೀಸಿನದು, ಬೇಕಾಗತ್ತೆ ಅಂದ್ರಿ."

ಭಾವ ಚೀಟಿಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿಗಿಂತ ಕೆಲಸ ತಿಳಿದವನ ನಾಚಿಕೆ ಹೆಚ್ಚಿತ್ತು. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮನುಷ್ಯ, ಇಂಥ ತಪ್ಪು ಮಾಡಿದ್ದಕ್ಕೆ ಹುಡುಗರನ್ನು ಬೈದವರು.

"ಚೀಟಿ," ಎಂದರು ಮೆಲ್ಲಗೆ. "ಅದು ನೆನಪೇ ಬರ್ಲಿಲ್ಲ."

ಎದ್ದು ಹೋಗಿ ಬಾಗಿಲು ಮುಚ್ಚಿದರು. ಡ್ರಾಯರಿನ ತಳದಿಂದ ಮಡಚಿದ ಒಂದು ಕಾಗದ ತೆಗೆದು, ಕೊಡಲೋ ಬೇಡವೋ ಎನ್ನುವಂತೆ ಹಿಡಿದುಕೊಂಡರು.

"ಇದನ್ನ ನಿಂಗೆ ತೋರಿಸಬಾರದು ಅಂತಲೇ ಅಷ್ಟೆಲ್ಲ ಮಾಡಿದ್ದು. ನೋಡಮ್ಮ, ಬದಲಾಯಿಸಿದ್ದು ನಾನೇ. ಆದ್ರೆ ಯಾಕೆ ಅಂತ ತಿಳಕೊಂಡ ಮೇಲೆ ನೀನು ಸಹಿ ಹಾಕ್ತೀಯ."

ಅದು ಲೈಬ್ರರಿ ಬದಲಿಸುವ ಬೀಗದ ಕೈ ಬಳಕೆಯಾದ ದಾಖಲೆ. ಲ್ಯಾಪ್‌ಟಾಪ್ ತನಗೆ ತಾನೇ ಬರೆದಿಟ್ಟುಕೊಂಡದ್ದು. ಒಂದೇ ಸಾಲು. ಆ ದಿನ, ಬೆಳಿಗ್ಗೆ ಒಂಬತ್ತು ಐವತ್ತನಾಲ್ಕು. ಒತ್ತಡದ ಲೈಬ್ರರಿ, ಹಳೆಯದನ್ನು ತೆಗೆದು ಹೊಸದನ್ನು ಇಡಲಾಗಿದೆ. ಕಳಿಸಿದ್ದು ಮನೆಯಿಂದ.

ಯಂತ್ರ ಪ್ರತಿ ಲೋಡಿಗೂ ಪ್ರೋಗ್ರಾಂ ಅನ್ನು ಹೊಸದಾಗಿ ಶುರುಮಾಡುತ್ತದೆ. ಮೂರನೇ ಲೋಡು ಶುರುವಾಗಿದ್ದು ಅದಾಗಿ ನಾಲ್ಕು ನಿಮಿಷಕ್ಕೆ. ಹಳೆಯ ಲೈಬ್ರರಿ ಇನ್ನೂರು ಎನ್ನುವ ಒತ್ತಡಕ್ಕೆ ಹೊಸದು ಎರಡು ಎನ್ನುತ್ತಿತ್ತು, ಅಳತೆಯೇ ಬೇರೆ. ಐದಕ್ಕಿಂತ ಕಡಿಮೆಯಾದರೆ ಬೀಗ ಬಿಡು ಎಂದು ಪ್ರೋಗ್ರಾಂಗೆ ಹೇಳಿಟ್ಟಿತ್ತು. ಅದು ಬಿಟ್ಟಿತು.

"ಅವನು ಆಗ ಯಂತ್ರದ ಮುಂದೆ ನಿಂತಿದ್ದ," ಎಂದರು ಭಾವ. "ಮನೇಲಿ ಲ್ಯಾಪ್‌ಟಾಪ್ ಮುಟ್ಟೋರು ಯಾರಿದ್ರು? ಅಮ್ಮನಿಗೆ ಟೀವಿ ಹಾಕಕ್ಕೂ ಬರಲ್ಲ."

ಮರೆತದ್ದು ತುಂಡು ತುಂಡಾಗಿ ಬಂತು. ಒದ್ದೆ ಕೈಯನ್ನು ಒರೆಸಿಕೊಂಡು ಫೋನ್ ಎತ್ತಿದ್ದು. ಲ್ಯಾಪ್‌ಟಾಪ್ ತೆಗೆದು ಹೊಸ ಲೈಬ್ರರಿಯನ್ನು ಕಳಿಸು ಎಂದು ಅವಸರದ ಧ್ವನಿ. ಅವಳಿಗೆ ಗುಪ್ತಪದ ಗೊತ್ತಿತ್ತು, ಎಷ್ಟೋ ಸಲ ಅವನಿಗಾಗಿ ಮಾಡಿದ ಕೆಲಸವೇ. ಫೈಲು ಇದ್ದ ಜಾಗಕ್ಕೆ ಅವನು "ಇನ್ನೂ ಬೇಡ" ಎಂದು ಹೆಸರಿಟ್ಟಿದ್ದ. ಇನ್ನೂ ಬೇಡ ಅಂತಿದೆಯಲ್ಲ ಎಂದು ಅವಳು ಕೇಳಿದ್ದಳು ಕೂಡ. ಪರವಾಗಿಲ್ಲ, ಪರೀಕ್ಷೆ ಆಗಿದೆ. ಇಷ್ಟು ಮಾಡು ಸಾಕು. ಇಡ್ತೀನಿ.

ಅವಳು ಒಂದು ಗುಂಡಿ ಒತ್ತಿ, ಮತ್ತೆ ಪಾತ್ರೆ ತೊಳೆಯಲು ಹೋಗಿದ್ದಳು.

"ನಾನೇ ಕಳಿಸಿದ್ದು," ಎಂದಳು.

"ಗೊತ್ತು."

"ನಾನೇ."

"ಅದಕ್ಕೇ ಹೇಳ್ತಿರೋದು." ಭಾವನ ಧ್ವನಿ ತಗ್ಗಿತು. "ಡಬ್ಬಿ ಹೊರಗಿತ್ತು ಅಂತ ಗೊತ್ತಾದ ತಕ್ಷಣ ಅವರು ಕೇಳೋ ಮೊದಲನೇ ಪ್ರಶ್ನೆ, ಯಾರು ತುಂಬಿದ್ರು ಅಂತ. ಅಮ್ಮನಿಗೆ ಮಗ ಹೋದ. ಸೊಸೆನೂ ಕೋರ್ಟು ಕಟಕಟೆ ಅಂತ ಹತ್ತಬೇಕಾ? ಸತ್ತವನಿಗೆ ಯಾರೂ ಏನೂ ಮಾಡಕ್ಕಾಗಲ್ಲ. ಅವನಿದ್ದಿದ್ರೂ ಇದನ್ನೇ ಹೇಳ್ತಿದ್ದ. ಹೌದೋ ಅಲ್ವೋ?"

ಹೌದು ಅನ್ನಿಸಿತು. ಅವನು ಹಾಗೇ ಹೇಳುತ್ತಿದ್ದ. ಅಳು ಬರಬೇಕಿತ್ತು, ಬರಲಿಲ್ಲ. ಎಲ್ಲೋ ದೂರದ ಕೋಣೆಯಲ್ಲಿ ಯಾರಿಗೋ ಆದ ವಿಷಯದ ಹಾಗಿತ್ತು. ಕೈ ಮಾತ್ರ ತಾನಾಗಿಯೇ ಚೀಲದೊಳಗೆ ಹೋಗಿ ಪೆನ್ನು ಹುಡುಕಿತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ತನಿಖಾಧಿಕಾರಿ ಯಾವತ್ತೂ ಐದು ನಿಮಿಷ ಮುಂಚೆಯೇ ಬರುತ್ತಿದ್ದರು.

ಬೆರಳಿಗೆ ಪೆನ್ನು ಸಿಗಲಿಲ್ಲ. ತಗಡಿನ ಒಂದು ಬಿಲ್ಲೆ ಸಿಕ್ಕಿತು, ದುಂಡಗೆ, ನಡುವೆ ತೂತು, ಹದಿನಾಲ್ಕು ಎಂದು ಕೊರೆದದ್ದು. ಯಾವುದಿದು ಎಂದು ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಗೇಟಿನಲ್ಲಿ ಫೋನ್ ಇಸಿದುಕೊಂಡು ಕೊಟ್ಟದ್ದು. ವಾಪಸು ಕೊಡದೆ, ಫೋನನ್ನೂ ಅಲ್ಲೇ ಬಿಟ್ಟು ಬಂದಿದ್ದಳು. ಯಂತ್ರದ ಕೋಣೆಗೆ ಯಾರೂ ಫೋನ್ ಒಯ್ಯುವಂತಿರಲಿಲ್ಲ.

ಚೀಲದಲ್ಲಿ ಇನ್ನೊಂದು ಕವರಿತ್ತು. ಆಸ್ಪತ್ರೆಯವರು ಅವನ ವಸ್ತುಗಳೆಂದು ಕೊಟ್ಟದ್ದು, ತೆಗೆದಿಡಲು ಕೈ ಬಾರದೆ ನಲವತ್ತೊಂದು ದಿನದಿಂದ ಅಲ್ಲೇ ಇದ್ದದ್ದು. ಕೈಗಡಿಯಾರ, ಪೆನ್ನು, ಮತ್ತೆ ಅಂಗಿಯ ಜೇಬಿನಲ್ಲಿ ಸಿಕ್ಕಿದ ಯಾವುದೋ ತಗಡಿನ ಚೂರು. ಆವತ್ತು ಅದೇನೆಂದು ಯೋಚಿಸಿರಲಿಲ್ಲ.

ಹದಿನಾಲ್ಕರ ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಕವರನ್ನು ಅಲ್ಲೇ ಬಗ್ಗಿಸಿದಳು. ಅವನ ಬಿಲ್ಲೆ ಉರುಳಿ ಬಂದು ಚೀಟಿಯ ಪಕ್ಕ ಬಿತ್ತು. ಒಂಬತ್ತು. ಅದೇ ದುಂಡು, ಅದೇ ತೂತು.

ಒಂಬತ್ತೂಕಾಲಿಗೆ ಬಂದವರು ಕದಲಲೇ ಇಲ್ಲ ಎಂದಿದ್ದಳು ಆ ಹೆಂಗಸು. ಒಂಬತ್ತು ಐವತ್ತಕ್ಕೆ ಅವನ ಫೋನು ಗೇಟಿನ ಗೂಡಿನಲ್ಲಿತ್ತು. ಅವನು ಯಂತ್ರದ ಮುಂದೆ ಚಹಾ ಕುಡಿಯುತ್ತಿದ್ದ. ಮನೆಗೆ ಬಂದ ಫೋನು ಈ ಆಫೀಸಿನ ನಂಬರಿನಿಂದ.

ಪ್ರತಿ ಸಲವೂ ಅವನು "ಏನ್ರೀ ಪರೀಕ್ಷಕರೇ" ಎಂದೇ ಮಾತು ಶುರುಮಾಡುತ್ತಿದ್ದ. ಆವತ್ತು ಅನ್ನಲಿಲ್ಲ. ಅವಸರದಲ್ಲಿದ್ದಾನೆ ಎಂದುಕೊಂಡಿದ್ದಳು.

ಬಾಗಿಲು ತೆರೆಯಿತು. ಅಧಿಕಾರಿ ಕಂಕುಳಲ್ಲಿ ಕಡತ ಹಿಡಿದು ಒಳಗೆ ಬಂದವರು, ಇಬ್ಬರ ಮುಖ ನೋಡಿ ಅಲ್ಲೇ ನಿಂತರು. ಭಾವ ಬಿಲ್ಲೆಗಳನ್ನು ನೋಡುತ್ತಿದ್ದರು, ಒಂದಾದ ಮೇಲೆ ಒಂದನ್ನು.

ಅವಳು ಸಹಿಯ ಕಾಗದವನ್ನು ಮೆಲ್ಲಗೆ ಆ ಕಡೆಗೆ ಸರಿಸಿದಳು. ನಲವತ್ತೊಂದು ದಿನ ಒಂದು ಮಾತನ್ನು ಗಂಡನದೆಂದು ಹೊತ್ತುಕೊಂಡು ತಿರುಗಿದ್ದಳು. ಅದು ಯಾರದೆಂದು ಕೇಳಲು ಅವಳಿಗೆ ಅತ್ತೆಯ ಮಾತೇ ಸಿಕ್ಕಿತು.

"ಭಾವ," ಎಂದಳು. ಧ್ವನಿ ಏರಲಿಲ್ಲ. "ಆವತ್ತು ಫೋನ್ ಮಾಡಿದ್ದು ದೊಡ್ಡವನೋ, ಚಿಕ್ಕವನೋ?"

ಭಾವ ಬಾಯಿ ತೆರೆದರು. ಏನೇ ಉತ್ತರ ಬಂದರೂ ಅದು ಅದೇ ಧ್ವನಿಯಲ್ಲಿ ಬರಬೇಕಿತ್ತು.